ಮೂರನೆಯ ಸಾಲಿನ ಬಲಗಡೆ

ಸಮ ಚಿಹ್ನೆಯ ಬಲಗಡೆ ಏನನ್ನು ಹೇಗೆ ಬರೆಯಬೇಕು ಎಂಬುದು ಮನುಷ್ಯಕುಲ ಕೈಕಟ್ಟಿ ನಿಂತು ಆಲೋಚಿಸಬೇಕಾದ ಘನವಾದ ವಿಷಯ. ರಾಜ್ಯಗಳು ಏಳುವುದು ಬೀಳುವುದು, ಗ್ರಹಗಳು ಸುತ್ತುವುದು ಇವೆಲ್ಲ ತಮ್ಮ ಪಾಡಿಗೆ ನಡೆದುಕೊಂಡು ಹೋಗುತ್ತವೆ. ಆದರೆ ಕಂಪ್ಯೂಟರಿನ ಒಂದು ಪುಟ್ಟ ಕಡತದ ಮೂರನೆಯ ಸಾಲಿನಲ್ಲಿ ಒಂದು ಹೆಸರು, ಅದರ ಮುಂದೆ ಸಮ ಚಿಹ್ನೆ, ಅದರ ಮುಂದೆ ನಾಲ್ಕಾರು ಪದ ಬರೆಯುವುದಿದೆಯಲ್ಲ, ಅದು ಹಾಗೆ ತನ್ನ ಪಾಡಿಗೆ ನಡೆಯುವಂಥದ್ದಲ್ಲ. ಇದನ್ನು ಟೈಪಮ್ಮನಿಗೆ ಯಾರೂ ಹೇಳಿರಲಿಲ್ಲ.

ಟೈಪಮ್ಮ ಅಣೆಕಟ್ಟಿನ ಕಂಟ್ರೋಲ್ ರೂಮಿನ ಗುಮಾಸ್ತೆ. ಟೈಪ್‌ರೈಟರು ಆ ಕೋಣೆಯಿಂದ ಹೊರಬಿದ್ದು ಇಪ್ಪತ್ತು ವರ್ಷವಾಗಿತ್ತು, ಹುದ್ದೆಯ ಹೆಸರು ಮಾತ್ರ ಹೊರಬಿದ್ದಿರಲಿಲ್ಲ. ಅವಳ ಕೆಲಸ ನೀರಿನ ಮಟ್ಟ ಓದಿ ಬರೆದಿಡುವುದು, ಮೇಲಿನವರು ಫೋನು ಮಾಡಿದರೆ ಹೌದು ಸಾರ್ ಅನ್ನುವುದು, ಮತ್ತು ಗೇಟು ತೆರೆಯುವ ಮುನ್ನ ಕೆಳಗಿನ ಹೊಳೆಯ ಜನಕ್ಕೆ ತಿಳಿಸುವುದು.

ತಿಳಿಸುವ ಕೆಲಸ ಮೊದಲು ಸೈರನ್ನಿನದಾಗಿತ್ತು. ಗೋಪುರದ ಮೇಲೆ ಕೂತು ಅದು ಒಮ್ಮೆ ಕೂಗಿದರೆ ಮೂರು ಮೈಲಿಯ ತನಕ ಎಮ್ಮೆಗಳೂ ತಲೆ ಎತ್ತುತ್ತಿದ್ದವು. ವಾರಕ್ಕೊಮ್ಮೆ ಅದನ್ನು ಕೂಗಿಸಿ ನೋಡುವ ಪದ್ಧತಿಯಿಂದ ಕ್ವಾರ್ಟರ್ಸಿನ ಕೂಸುಗಳು ಬೆಚ್ಚಿಬೀಳುತ್ತವೆಂದು ದೂರು ಬಂತು. ಸಾಹೇಬರೂ ಬೆಚ್ಚಿಬೀಳುತ್ತಿದ್ದರು; ಅದು ಮಾತ್ರ ದೂರಿನಲ್ಲಿ ಇರಲಿಲ್ಲ. ಸೈರನ್ನನ್ನು ರಿಪೇರಿಗೆಂದು ಇಳಿಸಿ ಉಗ್ರಾಣದಲ್ಲಿಟ್ಟರು. ಅದರ ಕೊಂಬಿನೊಳಗೆ ಬೆಕ್ಕೊಂದು ಎರಡು ಸಲ ಮರಿ ಹಾಕಿ ಸಂಸಾರ ಸಾಗಿಸಿತು.

ಸೈರನ್ನಿನ ಜಾಗಕ್ಕೆ ಫೋನಿನ ಸಂದೇಶ ಬಂತು. ಅದನ್ನು ತಂದವನು ಪಂಡಿತ. ಆಫೀಸಿನಲ್ಲಿ ಕಂಪ್ಯೂಟರಿನ ಬೆನ್ನ ಹಿಂದಿನ ವೈರುಗಳ ಹೆಸರು ಬಲ್ಲ ಏಕೈಕ ವ್ಯಕ್ತಿ ಅವನಾದ್ದರಿಂದ ಆ ಹೆಸರು. ಒಂದು ಬೆಳಗ್ಗೆ ಕೂತು, ಯಂತ್ರಕ್ಕೆ ಸಾಲುಸಾಲಾಗಿ ಕೊಡುವ ಆಜ್ಞೆಗಳ, ಹತ್ತು ಹನ್ನೆರಡು ಸಾಲಿನ ಒಂದು ಸ್ಕ್ರಿಪ್ಟು ಬರೆದ. ಓಡಿಸಿದರೆ ಅದು ಪಟ್ಟಿಯಲ್ಲಿರುವ ನಾನೂರ ಹನ್ನೆರಡು ನಂಬರುಗಳಿಗೆ ಒಂದೊಂದಾಗಿ ಸಂದೇಶ ಕಳಿಸಿ, ಕೊನೆಗೆ "412 ಜನಕ್ಕೆ ಸಂದೇಶ ಹೋಗಿದೆ" ಎಂದು ತೆರೆಯ ಮೇಲೆ ಬರೆಯುತ್ತಿತ್ತು. ಬಳಸುವ ಕ್ರಮವನ್ನು ಅವನೇ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದ: ಕಡತ ತೆರೆಯಿರಿ, ಮೂರನೆಯ ಸಾಲಿನಲ್ಲಿ ಸಂದೇಶ ಎಂಬ ಹೆಸರಿನ ಪಕ್ಕದ ಸಮ ಚಿಹ್ನೆಯ ಮುಂದೆ ಬೇಕಾದ ಮಾತು ಬರೆಯಿರಿ, ಓಡಿಸಿ. ಆಮೇಲೆ ಅವನು ಕೆಲಸ ಬಿಟ್ಟು ಪೇಟೆಯಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟ. ಮೀನುಗಳು ಪ್ರಶ್ನೆ ಕೇಳುವುದಿಲ್ಲ ಎಂಬುದು ಅವನು ಕೊಟ್ಟ ಕಾರಣ.

ಸೈರನ್ನು ಹೋದರೂ ವಾರದ ಪದ್ಧತಿ ಹೋಗಲಿಲ್ಲ. ಪ್ರತಿ ಸೋಮವಾರ ಹತ್ತು ಗಂಟೆಗೆ ಮೂರನೆಯ ಸಾಲಿನ ಬಲಗಡೆ "ಪರೀಕ್ಷೆ" ಎಂಬ ಒಂದೇ ಪದವಿಟ್ಟು ಟೈಪಮ್ಮ ಓಡಿಸುತ್ತಿದ್ದಳು. ನಾಲ್ಕು ನಿಮಿಷದಲ್ಲಿ ಪಟ್ಟಿ ಮುಗಿಯುತ್ತಿತ್ತು. ಕೊನೆಯ ನಂಬರು ಅವಳದೇ. ಅವಳ ಫೋನು ಗುಂಯ್ ಎಂದು "ಪರೀಕ್ಷೆ" ಎಂದಿತೆಂದರೆ ಎಲ್ಲರಿಗೂ ತಲುಪಿತೆಂದು ಅರ್ಥ. ಐದು ವರ್ಷದಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಸೋಮವಾರ, ಒಂದೂ ತಪ್ಪಿರಲಿಲ್ಲ. ಐದು ವರ್ಷದಲ್ಲಿ ಗೇಟು ತೆರೆಯುವಷ್ಟು ನೀರೂ ಬಂದಿರಲಿಲ್ಲ.

ಆ ಗುರುವಾರ ಬಂತು.

ಮಧ್ಯಾಹ್ನ ಒಂದೂವರೆಗೆ ಮೇಲಿನ ಅಣೆಕಟ್ಟಿನವರು ಫೋನು ಮಾಡಿ, ತಾವು ನೀರು ಬಿಟ್ಟಾಗಿದೆ, ನೀವೂ ಬಿಡಲೇಬೇಕಾಗುತ್ತದೆ ಎಂದು, ಮದುವೆಗೆ ಕರೆಯುವಷ್ಟೇ ಸಹಜವಾಗಿ ಹೇಳಿದರು. ಗೇಟಿನ ಮನೆಯಲ್ಲಿ ಕೂರುವ ಗೇಟಣ್ಣ ಮಟ್ಟ ನೋಡಿ ಮೂರು ಗಂಟೆಗೆ ತೆರೆಯುತ್ತೇನೆಂದ. ಗಂಟೆ ಮುಂಚೆ ತಿಳಿಸಬೇಕೆಂಬುದು ನಿಯಮ. ಸರಿಯಾಗಿ ಎರಡಕ್ಕೆ ಟೈಪಮ್ಮ ಕಡತ ತೆರೆದು "ಪರೀಕ್ಷೆ" ಅಳಿಸಿ, ಅದರ ಜಾಗದಲ್ಲಿ, ಮೂರು ಗಂಟೆಗೆ ಗೇಟು ತೆರೆಯುತ್ತೇವೆ ಹೊಳೆ ಬಿಟ್ಟು ಮೇಲೆ ಬನ್ನಿ, ಎಂದು ಬರೆದಳು. ಒಂದು ಸಲ ಓದಿ ನೋಡಿದಳು. ಕಾಗುಣಿತ ತಪ್ಪಿರಲಿಲ್ಲ. ಓಡಿಸಿದಳು.

ನಂಬರುಗಳು ಸರಸರ ಮೇಲೇರಿ ಮರೆಯಾದವು. "412 ಜನಕ್ಕೆ ಸಂದೇಶ ಹೋಗಿದೆ." ಅವಳು ರಿಜಿಸ್ಟರಿನಲ್ಲಿ ಸಮಯ ಬರೆದು ಸಹಿ ಹಾಕಿದಳು. ಫೋನು ಗುಂಯ್ ಎಂದಿತು. ನೋಡಿದರೆ ಸಂದೇಶವಿತ್ತು, ಒಳಗೆ ಏನೂ ಇರಲಿಲ್ಲ. ಹಾಳು ಫೋನು, ಇದಕ್ಕೂ ವಯಸ್ಸಾಯಿತು ಅಂದುಕೊಂಡಳು. ಎರಡು ನಿಮಿಷದ ಮೇಲೆ, ದೂರದ ಊರಿನ ಮೀಟಿಂಗಿನಲ್ಲಿ ಜೀಪು ಸಮೇತ ಕೂತಿದ್ದ ಸಾಹೇಬರಿಂದ ಉತ್ತರ ಬಂತು: "ಓಕೆ." ಸಾಹೇಬರೂ ಪಟ್ಟಿಯಲ್ಲಿದ್ದರು. ಅವರು ಒಪ್ಪಿಗೆ ಕೊಟ್ಟಮೇಲೆ ಸಂದೇಶದಲ್ಲಿ ಏನೋ ಇದ್ದಿರಲೇಬೇಕೆಂದು ಅವಳಿಗೆ ಸಮಾಧಾನವಾಯಿತು.

ಕಂಟ್ರೋಲ್ ರೂಮಿನ ಕಿಟಕಿಯಿಂದ ಹೊಳೆ ಕಾಣುತ್ತದೆ. ಮೂರು ಕಿಲೋಮೀಟರು ಕೆಳಗೆ ಅದು ಎರಡಾಗಿ ಸೀಳಿ ನಡುವೆ ಒಂದು ಮರಳುದಿಣ್ಣೆಯನ್ನು ಬಿಟ್ಟಿದೆ. ಆ ದಿಣ್ಣೆಯ ಮೇಲೆ ಬಿಳಿ ಚುಕ್ಕೆಗಳು. ಲಾಂಡ್ರಿಯವರು ಆಸ್ಪತ್ರೆಯ, ಲಾಡ್ಜುಗಳ ಹಾಸುಗಳನ್ನು ಅಲ್ಲಿ ಒಗೆದು ಮರಳ ಮೇಲೆ ಹರವುತ್ತಾರೆ. ಎಂಟು ಹೆಂಗಸರು. ಅವರಲ್ಲಿ ಎಲ್ಲರಿಗಿಂತ ಹಿರಿಯಳು, ಗಟ್ಟಿ ದನಿಯವಳು, ಟೈಪಮ್ಮನ ಅತ್ತೆ.

ಅತ್ತೆ ಸೊಸೆಗೆ ಮಾತು ನಿಂತು ಅಂದಿಗೆ ಹನ್ನೊಂದು ದಿನ. ಕಾರಣ ಒಂದು ಒದ್ದೆ ಟವೆಲು. ಅದನ್ನು ಕುರ್ಚಿಯ ಬೆನ್ನಿಗೆ ಹಾಕಬೇಡಿ, ಹಗ್ಗದ ಮೇಲೆ ಹಾಕಿ ಎಂದು ಸೊಸೆ ಹೇಳಿದ್ದಳು. ಮೂವತ್ತು ವರ್ಷದಿಂದ ಊರಿನ ಅರ್ಧ ಹಾಸಿಗೆಗಳ ಬಟ್ಟೆ ಒಣಗಿಸಿದವಳಿಗೆ ಬಟ್ಟೆ ಒಣಹಾಕುವುದನ್ನು ಕಲಿಸಿದರೆ ಏನಾಗಬೇಕೋ ಅದೇ ಆಯಿತು. ಅತ್ತೆಯ ಕಿವಿ ವಿಚಿತ್ರವಾದದ್ದು. ಯಾರೇ ಮಾತಾಡಲಿ, ಮೊದಲ ಪದವನ್ನು ಮಾತೆಂದು ಕೇಳುತ್ತಿತ್ತು, ಎರಡನೆಯ ಪದವನ್ನು ಆಜ್ಞೆಯೆಂದು ಕೇಳುತ್ತಿತ್ತು. "ನನಗೆ ಆಜ್ಞೆ ಮಾಡೋಕೆ ಬರ್ತಾಳೆ," ಎಂದು ಗೋಡೆಗೆ ಹೇಳಿ ಬಾಯಿ ಮುಚ್ಚಿದವಳು ಆಮೇಲೆ ಏನು ಬೇಕಾದರೂ ಮಗನ ಮೂಲಕವೇ ಹೇಳಿಸುತ್ತಿದ್ದಳು. ಮಗ ದೂರದ ಬಸ್ಸಿನ ಡ್ರೈವರು; ವಾರಕ್ಕೆ ನಾಲ್ಕು ದಿನ ಮನೆಯಲ್ಲಿರುತ್ತಿರಲಿಲ್ಲವಾದ್ದರಿಂದ ಆ ನಾಲ್ಕು ದಿನ ಗೋಡೆಗೇ ಕೆಲಸ.

ಎರಡೂಕಾಲಿಗೆ ಚಹಾ ಮುಗಿಸಿ ಕಿಟಕಿಗೆ ಬಂದಾಗ ಚುಕ್ಕೆಗಳು ಇದ್ದಲ್ಲೇ ಇದ್ದವು. ಕಾಲು ಗಂಟೆಯಾಯಿತಲ್ಲ, ಇಷ್ಟು ಹೊತ್ತಿಗೆ ಎತ್ತಬೇಕಿತ್ತಲ್ಲ ಅನ್ನಿಸಿತು. ಅವಳ ಕಣ್ಣ ಮುಂದೆಯೇ ಇನ್ನೊಂದು ಚುಕ್ಕೆ ಹುಟ್ಟಿಕೊಂಡಿತು. ಅಲ್ಲಿ ಯಾರೋ ಆರಾಮವಾಗಿ ಹೊಸ ಹಾಸೊಂದನ್ನು ಹರವುತ್ತಿದ್ದರು.

ಖಾಲಿ ಸಂದೇಶ ಆಗ ನೆನಪಾಯಿತು.

ಫೋನಿನ ಕಂಪನಿಯಲ್ಲಿ ಕೆಲಸ ಮಾಡುವ ಹಳೆಯ ಗೆಳತಿಗೆ ಕೇಳಲೇ, ಸಾಹೇಬರಿಗೆ ಕೇಳಲೇ ಎಂದು ತಡಕಾಡಿ, ಅದೆಲ್ಲ ಬಿಟ್ಟು ಉಗ್ರಾಣದ ವಾಚ್‌ಮನ್‌ನನ್ನು ಕೂಗಿ ನಿಮಗೇನು ಬಂದಿದೆ ತೋರಿಸಿ ಎಂದಳು. ಅವನೂ ಪಟ್ಟಿಯಲ್ಲಿದ್ದ. ಅವನ ಫೋನಿನಲ್ಲೂ ಖಾಲಿ. ಆಫೀಸಿನವರು ಇವತ್ತು ಏನೂ ಹೇಳುವುದಿಲ್ಲವೆಂದು ಹೇಳಿದ್ದಾರೆ ಅಂದುಕೊಂಡೆ ಎಂದು ಅವನು ಗಂಭೀರವಾಗಿ ವಿವರಿಸಿದ.

ಅತ್ತೆಗೆ ಫೋನು ಮಾಡಿದಳು. ಎರಡು ಸಲ ಹೊಡೆದುಕೊಂಡು ನಿಂತಿತು. ಅತ್ತೆ ಹೆಸರು ನೋಡಿ ಕತ್ತರಿಸಿದ್ದಳು. ಮತ್ತೆ ಮಾಡಿದಳು, ಒಂದೇ ಸಲ ಹೊಡೆದುಕೊಂಡಿತು. ಮೂರನೆಯ ಸಲ, ನೀವು ಕರೆ ಮಾಡಿದವರು ಫೋನನ್ನು ಆರಿಸಿದ್ದಾರೆ ಎಂದು ಒಬ್ಬ ಹೆಂಗಸು ಬಹಳ ಮೃದುವಾಗಿ ಹೇಳಿದಳು. ಹನ್ನೊಂದು ದಿನದಲ್ಲಿ ಅತ್ತೆಯ ಕಡೆಯಿಂದ ಅವಳಿಗೆ ಸಿಕ್ಕ ಮೊದಲ ಮೃದುವಾದ ಮಾತು ಅದು. ಗಂಡನ ಫೋನು ಸ್ಟಿಯರಿಂಗ್ ಹಿಡಿದಾಗ ಎಂದಿನಂತೆ ಸತ್ತಿತ್ತು. ಪಟ್ಟಿಯಲ್ಲಿ ನಂಬರುಗಳಿದ್ದವೇ ಹೊರತು ಹೆಸರುಗಳಿರಲಿಲ್ಲ. ಯಂತ್ರಕ್ಕೆ ಹೆಸರು ಕಟ್ಟಿಕೊಂಡು ಏನಾಗಬೇಕು ಎಂದು ಪಂಡಿತ ಬಿಟ್ಟಿದ್ದ. ಕೈಗೆ ಸಿಕ್ಕ ಎರಡು ನಂಬರಿಗೆ ಮಾಡಿ ನೋಡಿದಳು. ಒಬ್ಬ ಎತ್ತಲಿಲ್ಲ. ಇನ್ನೊಬ್ಬ ನನಗೆ ವಿಮೆ ಬೇಡ ಎಂದು ಇಟ್ಟುಬಿಟ್ಟ.

ವಾಚ್‌ಮನ್‌ನನ್ನು ಮೊಪೆಡ್ಡಿನ ಮೇಲೆ ಅಟ್ಟಿದಳು. ಹೊಳೆಯ ಬದಿಯಲ್ಲಿ ದಾರಿ ಇಲ್ಲ, ಬರೀ ಬಂಡೆ. ರಸ್ತೆ ಸುತ್ತಿಕೊಂಡು ಹೋದರೆ ಹದಿನಾಲ್ಕು ಕಿಲೋಮೀಟರು. ಏರಿನಲ್ಲಿ ಆ ಮೊಪೆಡ್ಡನ್ನು ಅವನು ಹೊರುತ್ತಾನೋ ಅವನನ್ನು ಅದು ಹೊರುತ್ತದೋ ಎಂಬುದು ಆಫೀಸಿನಲ್ಲಿ ಬಗೆಹರಿಯದ ಚರ್ಚೆಯಾಗಿತ್ತು.

ಆಮೇಲೆ ಗೇಟಣ್ಣನಿಗೆ ಫೋನು ಮಾಡಿ, ಸಂದೇಶ ಹೋಗಿಲ್ಲ, ಗೇಟು ತೆರೆಯಬೇಡಿ ಎಂದಳು. ಅವನ ಮುಂದೆ ಅದೇ ತೆರೆಯ ಇನ್ನೊಂದು ಪ್ರತಿ ಇತ್ತು.

"ಹೋಗಿದೆ ಅಂತ ಇದೆಯಲ್ಲ ತಾಯಿ. ನಾನೂರ ಹನ್ನೆರಡು. ಕಣ್ಣು ಕಾಣತ್ತೆ ನನಗೆ."

"ಖಾಲಿ ಹೋಗಿದೆ ಗೇಟಣ್ಣ. ನಮ್ಮತ್ತೆ ದಿಣ್ಣೆ ಮೇಲಿದ್ದಾರೆ. ಎಂಟು ಜನ ಇದ್ದಾರೆ."

ಗೇಟಣ್ಣ ದನಿ ಇಳಿಸಿ ಲೆಕ್ಕ ಹೇಳಿದ. ಮೂರಕ್ಕೆ ನೀರು ಕೆಂಪು ಗೆರೆ ಮುಟ್ಟುತ್ತದೆ. ಮೂರೂ ಇಪ್ಪತ್ತರ ತನಕ ತೆರೆಯದಿದ್ದರೆ ಅದು ಗೋಡೆ ಹತ್ತಿ ತಾನೇ ಇಳಿಯುತ್ತದೆ. ಆಗ ದಿಣ್ಣೆಯಲ್ಲ, ಕೆಳಗಿನ ಬೀದಿಗಳೂ ಉಳಿಯುವುದಿಲ್ಲ.

"ನೀರೇನು ನನ್ನ ಸೋದರತ್ತೆ ಮಗಳೇ, ನಿಲ್ಲು ಅಂದ್ರೆ ನಿಲ್ಲೋಕೆ? ಹತ್ತು ನಿಮಿಷ ಕೊಡ್ತೀನಿ. ಮೂರೂ ಹತ್ತು. ಅದರ ಮೇಲೆ ಒಂದು ನಿಮಿಷ ಕೇಳಬೇಡ."

ಗೋಡೆಯ ಗಡಿಯಾರದಲ್ಲಿ ಎರಡೂ ಮೂವತ್ತೊಂದು.

ಪಂಡಿತನಿಗೆ ಮಾಡಿದಳು. ಅವನು ಗಿರಾಕಿಗೆ ಯಾವುದೋ ಮೀನಿನ ಸ್ವಭಾವವನ್ನು ವರ್ಣಿಸುತ್ತಲೇ ಎತ್ತಿದ. ಇವಳು ಹೇಳುವುದನ್ನು ಅರ್ಧ ಕೇಳಿ ನಕ್ಕ. ಐದು ವರ್ಷ ಓಡಿದೆ ಟೈಪಮ್ಮ, ಒಂದು ದಿನ ಕೈಕೊಟ್ಟಿದೆಯಾ ಹೇಳಿ, ಎಂದ. ನೆಟ್‌ವರ್ಕು ಇರಬೇಕು ಎಂದ. ಒಮ್ಮೆ ಆರಿಸಿ ಹಚ್ಚಿ ಎಂದ. ಆರಿಸಿ ಹಚ್ಚುವುದಕ್ಕೆ ಆ ಮುದಿ ಕಂಪ್ಯೂಟರಿಗೆ ಹದಿನೈದು ನಿಮಿಷ ಬೇಕೆಂಬುದು ಇಬ್ಬರಿಗೂ ಗೊತ್ತಿತ್ತು. ನಾನು ಬರೆದಿದ್ದರಲ್ಲಿ ತಪ್ಪಿಲ್ಲ ಎಂದು ಅವನು ಇನ್ನೊಮ್ಮೆ ಹೇಳುವಷ್ಟರಲ್ಲಿ ಅವಳು ಇಟ್ಟಳು. ಏಳು ನಿಮಿಷ ಹೋಗಿತ್ತು.

ಕಿಟಕಿಯಲ್ಲಿ ಚುಕ್ಕೆಗಳನ್ನು ಎಣಿಸಿದಳು. ಎಣಿಕೆ ಪ್ರತಿ ಸಲವೂ ಬೇರೆ ಬಂತು. ಅತ್ತೆಗೆ ಈಜು ಬರುವುದಿಲ್ಲ. ಮೂವತ್ತು ವರ್ಷ ಹೊಳೆಯಲ್ಲಿ ನಿಂತೂ ಮೊಳಕಾಲಿಗಿಂತ ಮೇಲಿನ ನೀರನ್ನು ಅವಳು ನಂಬಿದವಳಲ್ಲ.

ತೆರೆಯ ಮುಂದೆ ಕೂತು ನಂಬರುಗಳ ಸಾಲನ್ನು ಹಿಂದಕ್ಕೆ, ಮೇಲಕ್ಕೆ, ಮೊದಲಿಗೆ ಎಳೆದಳು. ಸೋಮವಾರಗಳಲ್ಲಿ ಎಂದೂ ಅಷ್ಟು ಮೇಲಕ್ಕೆ ಹೋದವಳಲ್ಲ. ಕೊನೆಯಲ್ಲಿ ಹೋಗಿದೆ ಎಂದು ಬಂದಮೇಲೆ ಮೊದಲು ಏನಿತ್ತೆಂದು ಯಾರು ನೋಡುತ್ತಾರೆ? ಎಲ್ಲಕ್ಕಿಂತ ಮೇಲೆ, ಮೊದಲ ನಂಬರಿಗೂ ಮುಂಚೆ, ಯಂತ್ರದ ಒಂದು ಗೊಣಗಾಟವಿತ್ತು: ಮೂರನೆಯ ಸಾಲು, "ಗಂಟೆಗೆ" ಎಂಬ ಆಜ್ಞೆ ನನಗೆ ಗೊತ್ತಿಲ್ಲ.

ಗಂಟೆಗೆ? ಅದನ್ನು ಆಜ್ಞೆ ಎಂದು ಯಾರು ಹೇಳಿದರು?

ಬಹುಶಃ ಸಮ ಚಿಹ್ನೆಗೆ ಅಂಟಿಕೊಂಡಂತೆ ಬರೆದದ್ದು ಇಕ್ಕಟ್ಟಾಯಿತೇನೋ ಎಂದುಕೊಂಡಳು. ಟೈಪಿಂಗ್ ಕಲಿಸಿದ ಮೇಡಂ ಚಿಹ್ನೆಗಳ ಎರಡೂ ಬದಿಗೆ ಜಾಗ ಬಿಡಬೇಕೆಂದು ಬೆರಳ ಮೇಲೆ ಸ್ಕೇಲಿನಲ್ಲಿ ಹೊಡೆದು ಕಲಿಸಿದ್ದರು. ಆಚೆ ಒಂದು ಜಾಗ, ಈಚೆ ಒಂದು ಜಾಗ ಬಿಟ್ಟು ಓಡಿಸಿ, ಈ ಸಲ ಮೊದಲ ಸಾಲನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಗೊಣಗಾಟ ಬದಲಾಗಿತ್ತು: "ಸಂದೇಶ" ಎಂಬ ಆಜ್ಞೆಯೇ ಗೊತ್ತಿಲ್ಲ. ತಕ್ಷಣ ನಿಲ್ಲಿಸಿದಳು. ಅಷ್ಟರಲ್ಲಿ ಮೊದಲ ಮೂವತ್ತು ಜನಕ್ಕೆ ಇನ್ನೊಂದು ಖಾಲಿ ಸಂದೇಶ ಹೋಗಿಯಾಗಿತ್ತು. ಪಟ್ಟಿಯ ಮೊದಲ ನಂಬರಿನವರಾದ ಸಾಹೇಬರಿಂದ ಮತ್ತೆ "ಓಕೆ" ಬಂತು.

ಎರಡೂ ನಲವತ್ತನಾಲ್ಕು.

ಈಗ ಅವಳಿಗೆ ಒಂದು ವಿಷಯ ನಿಚ್ಚಳವಾಯಿತು, ಭಯದಲ್ಲಿ ಕೆಲವು ಸಲ ಆಗುವ ಹಾಗೆ. ಇದು ಅತ್ತೆಯ ಕಿವಿ. ನಡುವೆ ಒಂದು ಜಾಗ ಸಿಕ್ಕಿದರೆ ಸಾಕು, ಅಲ್ಲಿಗೆ ಮಾತು ಮುಗಿಯಿತು, ಮುಂದಿನದು ತನಗೆ ಮಾಡಿದ ಆಜ್ಞೆ ಎಂದು ತಿಳಿಯುತ್ತದೆ; ಆ ಆಜ್ಞೆ ಗೊತ್ತಾಗದೆ ಮೊದಲ ಪದವನ್ನೂ ಕೈಬಿಡುತ್ತದೆ. "ಪರೀಕ್ಷೆ" ಒಂದೇ ಪದ, ಅದರ ನಂತರ ಜಾಗವೇ ಇರಲಿಲ್ಲ. ಅದಕ್ಕೇ ಐದು ವರ್ಷ ಜಗಳವಿಲ್ಲದೆ ನಡೆದಿತ್ತು. ಇನ್ನೂರೈವತ್ತು ಸೋಮವಾರ ತಾವು ಪರೀಕ್ಷೆ ಮಾಡಿದ್ದು "ಪರೀಕ್ಷೆ" ಎಂಬ ಪದವನ್ನು ಮಾತ್ರ.

ಹಾಗಾದರೆ ಒಂದು ಇಡೀ ವಾಕ್ಯವನ್ನು ಇದರ ಬಾಯಿಗೆ ಹಾಕುವುದು ಹೇಗೆ? ಕಡತದಲ್ಲಿ ಅವಳು ಮೂರನೆಯ ಸಾಲಿನಿಂದ ಕೆಳಗೆ ಎಂದೂ ಇಳಿದಿರಲಿಲ್ಲ. ಅದು ಪಂಡಿತನ ಸೀಮೆ. ಇಳಿದಳು. ಅರ್ಥವಾಗದ್ದು, ಅರ್ಥವಾಗದ್ದು, ಅರ್ಥವಾಗದ್ದು. ಕೊನೆಯ ಸಾಲಿಗೆ ಬಂದು ನಿಂತಳು. ಅಲ್ಲಿ ತನಗೆ ಓದಲು ಬರುವ ಒಂದು ವಾಕ್ಯವಿತ್ತು: 412 ಜನಕ್ಕೆ ಸಂದೇಶ ಹೋಗಿದೆ.

ಅದು ಎಣಿಸಿದ್ದಲ್ಲ. ಯಾರಿಗೆ ಹೋಗಲಿ ಬಿಡಲಿ, ಕೊನೆಯಲ್ಲಿ ಹೀಗೆಂದು ಬರೆ ಎಂದು ಪಂಡಿತ ಬರೆದಿಟ್ಟದ್ದು. ಐದು ವರ್ಷದಿಂದ ಆ ಕೋಣೆಯ ಎಲ್ಲರೂ ನಂಬಿ ಸಹಿ ಹಾಕಿದ್ದು ಈ ಸಾಲಿಗೆ. ಆದರೆ ಸುಳ್ಳು ಹೇಳುವ ಆ ಸಾಲಿನಲ್ಲಿ ನಾಲ್ಕು ಪದಗಳಿದ್ದವು, ಮೂರು ಜಾಗಗಳಿದ್ದವು, ಮತ್ತು ಯಂತ್ರ ಒಂದು ದಿನವೂ ಅದರ ಬಗ್ಗೆ ಗೊಣಗಿರಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದಳು. ವಾಕ್ಯದ ತಲೆಗೊಂದು, ಬಾಲಕ್ಕೊಂದು ಜೋಡಿ ಗೀಟು ಇತ್ತು. ಪುಸ್ತಕದಲ್ಲಿ ಯಾರಾದರೂ ಮಾತಾಡಿದರೆ ಆಚೆ ಈಚೆ ಹಾಕುತ್ತಾರಲ್ಲ, ಅದೇ ಉದ್ಧರಣ ಚಿಹ್ನೆ. ಪಂಡಿತ ತನ್ನ ಮಾತನ್ನು ಬೇಲಿ ಹಾಕಿ ಭದ್ರ ಮಾಡಿಕೊಂಡಿದ್ದ. ಅವಳ ಮಾತಿಗೆ ಬೇಲಿ ಬೇಕೆಂದು ಗೋಡೆಯ ಕಾಗದದಲ್ಲಿ ಬರೆಯಲು ಮರೆತಿದ್ದ.

ಮೂರನೆಯ ಸಾಲಿಗೆ ಓಡಿದಳು. ಸಮ ಚಿಹ್ನೆಯ ಎರಡೂ ಬದಿಯ ಜಾಗ ಅಳಿಸಿದಳು. ಚಿಹ್ನೆಗೆ ಒತ್ತಿ ಒಂದು ಜೋಡಿ ಗೀಟು, ವಾಕ್ಯದ ಕೊನೆಗೆ ಒಂದು. ಎರಡೂ ನಲವತ್ತೊಂಬತ್ತು. ಓಡಿಸುವ ಕೀಲಿಯ ಮೇಲೆ ಬೆರಳಿಟ್ಟವಳು ಅಲ್ಲೇ ನಿಂತಳು.

ಮರಳುದಿಣ್ಣೆಯ ಮೇಲಿನ ಫೋನುಗಳು ಅವಳಿಗೆ ಗೊತ್ತು. ಒತ್ತುವ ಗುಂಡಿಯ ಸಣ್ಣ ಫೋನುಗಳು, ಎಲ್ಲ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ, ಕಲ್ಲಿನ ಕೆಳಗೆ. ತೆರೆಯಲ್ಲಿ ಕಾಣುವುದು ಮೊದಲ ಒಂದೆರಡು ಪದ. ಉಳಿದದ್ದಕ್ಕೆ ಒದ್ದೆ ಕೈ ಒರೆಸಿಕೊಂಡು ಗುಂಡಿ ಒತ್ತಬೇಕು. ಸೋಮವಾರ ಸೋಮವಾರ ಪರೀಕ್ಷೆ ಎಂದು ಪೀಡಿಸುವ, ಇವತ್ತು ಖಾಲಿಯನ್ನೂ ಕಳಿಸಿದ ಆಫೀಸಿಗಾಗಿ ಯಾರು ಕೈ ಒರೆಸಿಕೊಳ್ಳುತ್ತಾರೆ? "ಮೂರು ಗಂಟೆಗೆ" ಎಂದು ಕಂಡರೆ, ಮೂರು ಗಂಟೆಗೆ ನೋಡೋಣ ಬಿಡು ಎಂದು ಮತ್ತೆ ಚೀಲಕ್ಕೆ ಹಾಕುತ್ತಾರೆ. "ಓಡಿ" ಎಂದರೆ ಅತ್ತೆ ಸೊಂಟದ ಮೇಲೆ ಕೈಯಿಟ್ಟು, ಯಾರು ಹೇಳಿದ್ದು, ಯಾಕೆ ಓಡಬೇಕು ಎಂದು ವಿಚಾರಣೆ ಶುರು ಮಾಡುತ್ತಾಳೆ. "ನೀರು" ಎಂದರೆ ನಗುತ್ತಾರೆ, ನೀರಿನಲ್ಲೇ ನಿಂತಿದ್ದಾರಲ್ಲ.

ಆ ಹೆಂಗಸರು ಯಾಕೆ ಎಂದು ಕೇಳದೆ ಪಾಲಿಸುವ ಮಾತು ಇಡೀ ಲೋಕದಲ್ಲಿ ಒಂದೇ ಇತ್ತು. ಹೊಸ ಮದುವೆಯಲ್ಲಿ ಒಮ್ಮೆ ಅವಳು ಅತ್ತೆಗೆ ಬುತ್ತಿ ಕೊಡಲು ದಿಣ್ಣೆಗೆ ಹೋಗಿದ್ದಾಗ ದೂರದಲ್ಲಿ ಮರಳುಗಾಳಿ ಎದ್ದಿತು. ಯಾರೋ ಒಬ್ಬಳು "ಹಾಸೆತ್ತಿ" ಎಂದಳು, ಅಷ್ಟೇ. ಅರ್ಧ ತೊಳೆದದ್ದು, ಬಾಯಲ್ಲಿದ್ದದ್ದು, ಆಡುತ್ತಿದ್ದ ಮಾತು ಎಲ್ಲ ಬಿಟ್ಟು ಎಂಟು ಜನ ಹಾಸುಗಳನ್ನು ಬಾಚಿಕೊಂಡು ದಡದ ಮೇಲೆ ನಿಂತಿದ್ದರು. ಒಣಗಿದ ನೂರು ಹಾಸುಗಳಿಗೆ ಮರಳು ಹೊಡೆದರೆ ನೂರನ್ನೂ ಮತ್ತೆ ಒಗೆಯಬೇಕು, ಅದಕ್ಕೆ. ದಿಣ್ಣೆಯ ಮೇಲೆ ಒಬ್ಬಳೇ ಉಳಿದು "ಯಾಕೆ?" ಎಂದು ಕೇಳಿದವಳು ಸೊಸೆ. ಅಂದಿನಿಂದ ಇಂದಿನವರೆಗೆ ಮನೆಯಲ್ಲಿ ಹಾಲು ಉಕ್ಕಿದರೆ, ಬಾಗಿಲು ತೆರೆದಿದ್ದರೆ, ಬಲ್ಬು ಉರಿಯುತ್ತಿದ್ದರೆ, ಅತ್ತೆಯದು ಒಂದೇ ಮಾತು: ಹಾಸೆತ್ತಿ ಅಂದ್ರೆ ಯಾಕೆ ಅಂದವಳು ಇವಳು.

ಟೈಪಮ್ಮ ಬೇಲಿಯೊಳಗಿನ ವಾಕ್ಯವನ್ನೆಲ್ಲ ಅಳಿಸಿ ಹೊಸದಾಗಿ ಬರೆದಳು: "ಹಾಸೆತ್ತಿ. ಮೂರಕ್ಕೆ ಗೇಟು ತೆರೆಯುತ್ತೇವೆ. ಹೊಳೆಯಲ್ಲಿರುವವರೆಲ್ಲ ಈಗಲೇ ಮೇಲೆ ಬನ್ನಿ." ಮೀನು ಹಿಡಿಯುವವರಿಗೂ ದನ ಮೇಯಿಸುವವರಿಗೂ ಮೊದಲ ಪದ ಏನೆಂದು ತಿಳಿಯದಿದ್ದರೂ ಉಳಿದದ್ದು ತಿಳಿಯುತ್ತದೆ. ಗೀಟುಗಳನ್ನು ಬೆರಳಿಟ್ಟು ಮುಟ್ಟಿ ನೋಡಿದಳು. ಓಡಿಸಿದಳು.

ಗೊಣಗಾಟ ಬರಲಿಲ್ಲ. ನಂಬರುಗಳು ಹೊರಟವು. ಎರಡೂ ಐವತ್ತೆರಡು. ನಾಲ್ಕು ನಿಮಿಷ ಅವಳು ತೆರೆಯನ್ನು ನೋಡಲಿಲ್ಲ, ಕಿಟಕಿಯನ್ನೂ ನೋಡಲಿಲ್ಲ. ಮೇಜಿನ ಮೇಲೆ ಅಂಗಾತ ಬಿದ್ದಿದ್ದ ತನ್ನ ಫೋನನ್ನು ಮಾತ್ರ ನೋಡಿದಳು. ತನಗೆ ಬಂದರೆ ಎಲ್ಲರಿಗೂ ಬಂದಂತೆ. ಅದು ಗುಂಯ್ ಎಂದಾಗ ಎತ್ತಲು ಧೈರ್ಯ ಬರಲಿಲ್ಲ. ಬಗ್ಗಿ ನೋಡಿದಳು. "ಹಾಸೆತ್ತಿ. ಮೂರಕ್ಕೆ" ಎಂದಿತ್ತು.

ಕಿಟಕಿಗೆ ಬಂದಳು. ಚುಕ್ಕೆಗಳು ಇದ್ದಲ್ಲೇ ಇದ್ದವು. ಐವತ್ತೇಳು. ಐವತ್ತೆಂಟು. ಚೀಲ ಕಲ್ಲಿನ ಕೆಳಗೆ ಗುಂಯ್‌ಗುಟ್ಟುತ್ತಿರಬೇಕು, ಹೊಳೆಯ ಸದ್ದಿನಲ್ಲಿ ಕೇಳಿಸದೆಯೂ ಇರಬಹುದು. ಹೊಸದಾಗಿ ಹರವಿದ ಆ ಬಿಳಿ ಚುಕ್ಕೆ ಎಲ್ಲಕ್ಕಿಂತ ಬೆಳ್ಳಗೆ ಕಣ್ಣಿಗೆ ಚುಚ್ಚುತ್ತಿತ್ತು. ತನ್ನ ತುಟಿಗಳು ಹಾಸೆತ್ತಿ, ಹಾಸೆತ್ತಿ ಎಂದು ಆಡುತ್ತಿರುವುದು ಅವಳಿಗೆ ಗೊತ್ತಿರಲಿಲ್ಲ.

ಮೂರಕ್ಕೆ ಒಂದು ನಿಮಿಷ ಇರುವಾಗ ಒಂದು ಚುಕ್ಕೆ ಇಲ್ಲವಾಯಿತು. ಕಣ್ಣಿನ ಮೋಸವೆಂದು ಉಜ್ಜಿಕೊಂಡು ನೋಡುವುದರೊಳಗೆ ನಾಲ್ಕು ಹೋಗಿದ್ದವು. ಆಮೇಲೆ ಯಾರೋ ಬಟ್ಟೆಯಿಂದ ಒರೆಸಿದ ಹಾಗೆ ದಿಣ್ಣೆಯ ಬಲಗಡೆಯೆಲ್ಲ ಬರಿದಾಯಿತು. ಎಡಗಡೆಯೂ ಬರಿದಾಯಿತು. ಒಂದು ಉಳಿಯಿತು.

ಒಂದು ಉಳಿಯಿತೆಂದರೆ ಒಬ್ಬರು ಉಳಿದರೇ? ಉಳಿದವರು ಯಾರಿರಬಹುದೆಂದು ಅವಳು ಯೋಚಿಸಬೇಕಾಗಿರಲಿಲ್ಲ. ಮೂರೂ ಐದು. ಗೇಟಣ್ಣನಿಗೆ ಫೋನು ಮಾಡಿದಳು, ಅವನು ಎತ್ತಲಿಲ್ಲ. ಮೂರೂ ಹತ್ತಕ್ಕೆ ಕಾಲ ಕೆಳಗಿನ ನೆಲ ನಡುಗಿತು. ಕಿಟಕಿಯ ಗಾಜು ಗಿರಿಗಿರಿ ಎಂದಿತು. ಕಂದು ಬಣ್ಣದ ನೀರು ಅಣೆಕಟ್ಟಿನ ಬುಡದಿಂದ ಹೊರಬಿದ್ದು, ಬಂಡೆಗಳನ್ನು ಒಂದೊಂದಾಗಿ ನುಂಗುತ್ತ ಕೆಳಗಿಳಿಯಿತು. ಅವಳು ಕಣ್ಣು ಮುಚ್ಚಲಿಲ್ಲ. ದಿಣ್ಣೆ ಸಣ್ಣದಾಯಿತು, ಒಂದು ಗೆರೆಯಾಯಿತು, ಆ ಬಿಳಿ ಚುಕ್ಕೆ ಗೆರೆಯ ಮೇಲೆ ಸ್ವಲ್ಪ ಹೊತ್ತು ನಿಂತು ಆಮೇಲೆ ನಡೆಯತೊಡಗಿತು. ಬಹಳ ವೇಗವಾಗಿ ನಡೆಯಿತು.

ಮೂರೂ ಮುಕ್ಕಾಲಿಗೆ ವಾಚ್‌ಮನ್ ದಡದಿಂದ ಫೋನು ಮಾಡಿ, ತಾನು ಈಗಷ್ಟೇ ತಲುಪಿರುವುದಾಗಿಯೂ, ನೀರು ಬರಲಿದೆ ಎಂದು ಎಲ್ಲರಿಗೂ ತಿಳಿಸಿರುವುದಾಗಿಯೂ, ಅವರು ತನ್ನನ್ನು ಒಂದು ಥರ ನೋಡಿದರೆಂದೂ ವರದಿ ಒಪ್ಪಿಸಿದ. ಎಷ್ಟು ಜನ ಇದ್ದಾರೆ ಎಂದು ಅವಳು ಕೇಳಿದಳು. ಅವನು ಹೇಳಿದ: ಎಂಟು ಹೆಂಗಸರು, ಅದರಲ್ಲಿ ಒಬ್ಬರು ನನಗೆ ಬೈಯುತ್ತಿದ್ದಾರೆ. ಟೈಪಮ್ಮ ಕುರ್ಚಿಯಲ್ಲಿ ಕೂತಳು.

ಸಂಜೆ ಮನೆಗೆ ಹೋದಾಗ ಅತ್ತೆ ನಡುಮನೆಯಲ್ಲಿ ಕೂತಿದ್ದಳು. ಒದ್ದೆ ಟವೆಲು ಕುರ್ಚಿಯ ಬೆನ್ನ ಮೇಲಿತ್ತು. ಅತ್ತೆ ಗೋಡೆಗೆ ಹೇಳತೊಡಗಿದಳು. ಪಕ್ಕದ ಕಲ್ಲಿನವಳು ಚೀಲದಿಂದ ಫೋನು ತೆಗೆದು, ಏನೋ ಬಂದಿದೆ ಅಂತ ಜೋರಾಗಿ ಓದಿದಳಂತೆ. ಬಾಯಿಂದ ಆ ಪದ ಬಿತ್ತು, ಕೈಗಳು ಎದ್ದವು. ದಡ ಹತ್ತಿದ ಮೇಲೆಯೇ ಮಿಕ್ಕದ್ದನ್ನು ಓದಿದ್ದಂತೆ. ತಾನು ಚೀಲ ತರಲು ತಿರುಗಿದ್ದರಿಂದ ಕೊನೆಯ ಹಾಸು ಎತ್ತಲಾಗಲಿಲ್ಲವಂತೆ. ಒಳ್ಳೆಯ ಹಾಸು, ಆಸ್ಪತ್ರೆಯದು.

ಆಮೇಲೆ ಗೋಡೆಯನ್ನು ಬಿಟ್ಟು ಸೊಸೆಯ ಕಡೆ ತಿರುಗಿದಳು.

"ಆ ಪದ ಆಫೀಸಿನೋರಿಗೆ ಹೇಗೆ ಗೊತ್ತಾಯ್ತು?"

"ನಾನು ಹೇಳಿದೆ ಅತ್ತೆ."

"ಆಜ್ಞೆ ಮಾಡಿದೆ ಅನ್ನು."

"ಹ್ಞೂಂ. ಮಾಡಿದೆ."

ಅತ್ತೆ ಎದ್ದು ಹೋಗಿ ಕೈಕಾಲು ತೊಳೆದು ಬಂದು, ಅದೇ ಟವೆಲಿನಲ್ಲಿ ಒರೆಸಿಕೊಂಡು, ಅದನ್ನು ಅದೇ ಕುರ್ಚಿಯ ಮೇಲೆಯೇ ಹಾಕಿದಳು. ಸೊಸೆ ಏನೂ ಅನ್ನಲಿಲ್ಲ.

ಮುಂದಿನ ಸೋಮವಾರದಿಂದ ಪರೀಕ್ಷೆಯ ಸಂದೇಶ ಏಳು ಪದದ್ದಾಯಿತು, ಉದ್ಧರಣ ಚಿಹ್ನೆಗಳ ಒಳಗೆ. ಗೋಡೆಯ ಕಾಗದಕ್ಕೆ ಒಂದು ಸಾಲು ಸೇರಿತು. ಬೆಕ್ಕನ್ನು ಮರಿಗಳ ಸಮೇತ ಬೇರೆಡೆ ಕಳಿಸಿ ಸೈರನ್ನನ್ನು ಮತ್ತೆ ಮೇಲೇರಿಸಿದರು. ಆ ಗುರುವಾರ ಹೊಳೆ ಒಂದು ಹಾಸನ್ನು ಒಯ್ದಿತು. ಮನುಷ್ಯರನ್ನು ಯಾರನ್ನೂ ಒಯ್ಯಲಿಲ್ಲ.